ಪದ ಪರಿಚಯ: ಕರ್ಬ್ ವೇಟ್

"ಮಿಯಾಟಾದಿಂದ ಎಂಬತ್ತು ಕಿಲೋ ಇಳಿಸಿದೆ, ಈಗ ಕರ್ಬ್ ವೇಟ್ 860." ಹಳೇ ಸ್ಪೋರ್ಟ್ಸ್ ಕಾರನ್ನು ಮನೆಯಲ್ಲೇ ಬಿಚ್ಚಿ ಹಗುರ ಮಾಡುವವರ ಬಾಯಲ್ಲಿ ಇಂಥ ಮಾತು ಬಂದಾಗಲೆಲ್ಲ ನಾನು ಕೇಳುವುದು ಒಂದೇ: ತೂಗುವಾಗ ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿತ್ತು? "ರಿಸರ್ವ್‌ಗೆ ಬಂದಿತ್ತು, ಯಾಕೆ?" ಎನ್ನುತ್ತಾರೆ. ಯಾಕೆ ಅಂದರೆ, 1989ರ ಮೊದಲ ತಲೆಮಾರಿನ 1.6 ಲೀಟರ್ ಮಾಜ್ದಾ ಎಂಎಕ್ಸ್-5ರ (ಮಿಯಾಟಾ ಅಂದರೆ ಇದೇ ಕಾರು) ಟ್ಯಾಂಕ್ ಹಿಡಿಯುವುದು 45 ಲೀಟರ್. ಒಂದು ಲೀಟರ್ ಪೆಟ್ರೋಲ್ ಸುಮಾರು ಮುಕ್ಕಾಲು ಕಿಲೋ ತೂಗುತ್ತದೆ. ಲೆಕ್ಕ ಹಾಕಿ. ಆ ಎಂಬತ್ತರಲ್ಲಿ ಹತ್ತಿರಹತ್ತಿರ ಮೂವತ್ತು ಕಿಲೋ ಇಳಿಸಿದ್ದು ಸ್ಪ್ಯಾನರ್ ಅಲ್ಲ, ಆಕ್ಸಿಲರೇಟರ್. ಏಕಾದಶಿ ಸಂಜೆ ತೂಕ ನೋಡಿಕೊಂಡು ಸಣ್ಣಗಾದೆ ಅಂದ ಹಾಗಾಯಿತು.

ಕರ್ಬ್ ವೇಟ್ ಅಂದರೆ ಕೀ ತಿರುಗಿಸಿದರೆ ಹೊರಡಲು ಸಿದ್ಧವಾಗಿ ನಿಂತ ಕಾರಿನ ತೂಕ. ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್, ಪೆಟ್ರೋಲ್ ಎಲ್ಲ ಇರಬೇಕು. ಜನ ಇರಬಾರದು, ಲಗೇಜ್ ಇರಬಾರದು.

ಇನ್ನೊಂದು ಗೊಂದಲವೂ ಇದೆ. 'ಕರ್ಬ್' ಅಂದರೆ ಕಡಿವಾಣ ಹಾಕುವುದು ತಾನೆ, ಹಾಗಾಗಿ 'ಕರ್ಬ್ ವೇಟ್' ಅಂದರೆ ಕಡಿಮೆ ಮಾಡಿದ ತೂಕ ಎಂದು ಕೆಲವರು ನಂಬಿದ್ದಾರೆ. "ಕರ್ಬ್ ವೇಟ್ ಮಾಡಿಸಿದೆ" ಎನ್ನುವವರೂ ಇದ್ದಾರೆ! ಕಡಿವಾಣ ಈ ಪದಕ್ಕೆ ದೂರದ ನೆಂಟ, ಅಷ್ಟೇ. ಎರಡಕ್ಕೂ ಬೇರು ಲ್ಯಾಟಿನ್ನಿನ 'ಕರ್ವುಸ್', ಬಾಗಿದ್ದು ಎಂದರ್ಥ. ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂತು. ಕುದುರೆಯ ದವಡೆಯಡಿ ಕಟ್ಟಿ ಅದರ ಕತ್ತು ಬಾಗಿಸುವ ಪಟ್ಟಿಗೆ ಆ ಹೆಸರು ಬಿತ್ತು, ಹತೋಟಿ ಎಂಬ ಅರ್ಥ ಹುಟ್ಟಿದ್ದು ಅಲ್ಲಿಂದ. ಬಾವಿಯ ಸುತ್ತ ಬಾಗಿ ಬರುವ ಕಟ್ಟೆಗೂ ಅದೇ ಹೆಸರು. ಬಾವಿಕಟ್ಟೆಯಿಂದ ಯಾವುದೇ ಅಂಚುಕಟ್ಟಿಗೆ, ಕೊನೆಗೆ ರಸ್ತೆಗೂ ಫುಟ್‌ಪಾತಿಗೂ ನಡುವಿನ ಅಂಚುಕಲ್ಲಿಗೆ ಅದು ಹರಡಿತು. ಬ್ರಿಟಿಷರು ಈ ಕಲ್ಲನ್ನು ಬೇರೆ ಸ್ಪೆಲಿಂಗಿನಲ್ಲಿ ಬರೆಯುತ್ತಾರೆ, ಆದ್ದರಿಂದ ಅಲ್ಲಿ ಈ ಗೊಂದಲಕ್ಕೆ ಜಾಗ ಕಡಿಮೆ. ಅಮೆರಿಕದವರು ಎರಡನ್ನೂ ಒಂದೇ ಥರ ಬರೆಯುತ್ತಾರೆ. ನಮ್ಮ ಪದ ಬಾವಿಕಟ್ಟೆಯ ಕಡೆಯದು, ಕುದುರೆಯ ಕಡೆಯದಲ್ಲ. ರಸ್ತೆ ಬದಿಯ ಕಲ್ಲಿನ ಪಕ್ಕ ನಿಂತ ಕಾರಿನ ತೂಕ, ಇಷ್ಟೇ ಕಥೆ.

ಅರ್ಥ ಇಷ್ಟು ಸರಳವಾದರೂ ಲೆಕ್ಕ ದೇಶಕ್ಕೊಂದು ಥರ. ಯುರೋಪಿನ ನಿಯಮದ 'ಚಾಲನೆಗೆ ಸಿದ್ಧ' ತೂಕದಲ್ಲಿ ಟ್ಯಾಂಕ್ ಶೇ. 90 ತುಂಬಿರುತ್ತದೆ, ಜತೆಗೆ 75 ಕಿಲೋದ ಡ್ರೈವರ್ ಕೂಡ ಸೇರುತ್ತಾನೆ. ಜಪಾನಿನ ಲೆಕ್ಕದಲ್ಲಿ ಟ್ಯಾಂಕ್ ಪೂರ್ತಿ, ಆದರೆ ಡ್ರೈವರ್ ಇಲ್ಲ, ಸ್ಟೆಪ್ನಿ ಇಲ್ಲ, ಟೂಲ್ಸ್ ಇಲ್ಲ. ಜಪಾನಿನಲ್ಲಿ ಇದೇ ಕಾರು ಯೂನೋಸ್ ರೋಡ್‌ಸ್ಟರ್ ಹೆಸರಿನಲ್ಲಿ 940 ಕಿಲೋ ಎಂದು ಬಂದದ್ದು ಆ ಲೆಕ್ಕದಲ್ಲಿ. ನಮ್ಮ ಆರ್‌ಸಿಯಲ್ಲಿ ಬರುವ 'ಅನ್‌ಲೇಡನ್ ವೇಟ್' ಮತ್ತೂ ಬೇರೆ: 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ವಾಹನದ ಜತೆ ಮಾಮೂಲಾಗಿ ಬಳಸುವ ಸಲಕರಣೆ ಎಲ್ಲ ಸೇರಿ, ಡ್ರೈವರನ್ನು ಬಿಟ್ಟು. ಅಂದರೆ ಒಂದು ನಟ್ಟೂ ಬಿಚ್ಚದೆ, ಗಡಿ ದಾಟಿಸಿಯೇ ಕಾರನ್ನು ಹಗುರ ಮಾಡಬಹುದು. ಇದರ ಮೇಲೆ 'ಡ್ರೈ ವೇಟ್' ಬೇರೆ. ದ್ರವಗಳನ್ನು ಕಳೆದು ಹೇಳುವ ತೂಕ ಅದು. ಕಂಪನಿಗಳ ಜಾಹೀರಾತಿಗೆ ಅನುಕೂಲ, ಬೇರೆ ಯಾರಿಗೂ ಅಲ್ಲ. ಜಪಾನಿನ ಬ್ರೋಷರ್ ಅಂಕಿಯಿಂದ ಅಮೆರಿಕದ ವೇಬ್ರಿಡ್ಜ್ ಚೀಟಿಯ ಅಂಕಿ ಕಳೆದು "ಇಷ್ಟು ಉಳಿಸಿದೆ" ಅನ್ನುವುದನ್ನು ದಯವಿಟ್ಟು ನಿಲ್ಲಿಸಿ.

ಏನು ತೆಗೆದರೆ ನಿಜವಾಗಿ ತೂಕ ಇಳಿದ ಹಾಗೆ? ಹಾರ್ಡ್‌ಟಾಪ್ (ಮೇಲೆ ಕೂರಿಸುವ ಗಟ್ಟಿ ಚಾವಣಿ) ತೆಗೆದಿಟ್ಟರೆ ಇಪ್ಪತ್ತು ಕಿಲೋ ಕಡಿಮೆಯಾಗುತ್ತದೆ ನಿಜ, ಆದರೆ ಅದು ಆಮೇಲೆ ಕೂರಿಸಿದ ಆಕ್ಸೆಸರಿ. ತೆಗೆದರೆ ಕಾರು ಮೊದಲಿನ ತೂಕಕ್ಕೆ ಬಂತು, ಅಷ್ಟೇ. ಡಿಕ್ಕಿಯಲ್ಲಿನ ಸ್ಟೆಪ್ನಿ, ಜಾಕ್ ಮನೆಯಲ್ಲಿ ಬಿಟ್ಟು ಹೋಗುವುದು ಲಗೇಜ್ ಇಳಿಸಿದ್ದಕ್ಕೆ ಸಮ. ಪಂಕ್ಚರ್ ಆದ ದಿನ ಗೊತ್ತಾಗುತ್ತದೆ. ಬಾನೆಟ್ ಕಾರ್ಖಾನೆಯಿಂದಲೇ ಅಲ್ಯೂಮಿನಿಯಂನದು, ಅಲ್ಲಿ ಉಳಿಸಲು ಮಿಕ್ಕಿರುವುದು ಸ್ವಲ್ಪವೇ. ಎಸಿ ಪೂರ್ತಿ ಬಿಚ್ಚಿದರೆ, ಸೀಟು ಬದಲಿಸಿದರೆ ಅದು ನಿಜವಾದ ಇಳಿಕೆ. ಸದ್ದು ತಡೆಯಲು ನೆಲಕ್ಕೆ ಅಂಟಿಸಿರುವ ಟಾರ್ ಶೀಟ್ ಕೂಡ. ಕಾರ್ಪೆಟ್ ಎತ್ತಿ, ಡ್ರೈ ಐಸ್ ಹರಡಿ, ಸ್ವಲ್ಪ ಹೊತ್ತು ಬಿಟ್ಟು ಸುತ್ತಿಗೆಯಲ್ಲಿ ತಟ್ಟಿದರೆ ಹಪ್ಪಳದಂತೆ ಚೂರಾಗಿ ಏಳುತ್ತದೆ. ಗ್ಯಾರೇಜಿನ ಬಾಗಿಲು ತೆಗೆದಿರಲಿ, ಆ ಐಸ್ ಆವಿಯಾದರೆ ಕಾರ್ಬನ್ ಡೈಆಕ್ಸೈಡ್. ಇಷ್ಟೆಲ್ಲ ಪಾಡುಪಟ್ಟರೂ ಸಿಗುವುದು ಕೆಲವೇ ಕಿಲೋ, ಆಮೇಲೆ ಹೈವೇಯಲ್ಲಿ ಕಿವಿ ಗುಂಯ್‌ಗುಟ್ಟುತ್ತದೆ.

ಹೀಗೆ ಗ್ರಾಂ ಗ್ರಾಂ ಕೆರೆದವರೇ 14 ಇಂಚಿನ ಹಳೇ ಅಲಾಯ್ ಕಳಚಿ 17 ಇಂಚಿನದು ಹಾಕಿಸುತ್ತಾರೆ. ಆ ಹಳೇ ರಿಮ್ ಒಂದೊಂದು ಐದೂವರೆ ಕಿಲೋ ಆಸುಪಾಸು. ಅದಕ್ಕಿಂತ ಹಗುರವಾದ 17 ಇಂಚಿನ ರಿಮ್ ಹುಡುಕುವುದು ಕಷ್ಟ.

ತೂಗುವ ಬಗೆ: ಟ್ಯಾಂಕ್ ಪೂರ್ತಿ ತುಂಬಿಸಿ, ಬಿಚ್ಚುವ ಮೊದಲೂ ಬಿಚ್ಚಿದ ಮೇಲೂ ಒಂದೇ ವೇಬ್ರಿಡ್ಜಿನಲ್ಲಿ, ನೀವು ಕಾರಿನಿಂದ ಇಳಿದು ತೂಗಿಸಿ. ಅಮೆರಿಕದ ಟ್ರಕ್ ನಿಲ್ದಾಣಗಳಲ್ಲಿನ ಕ್ಯಾಟ್ ಸ್ಕೇಲ್ ತೋರಿಸುವುದು 20 ಪೌಂಡಿನ ಹೆಜ್ಜೆಯಲ್ಲಿ, ಸುಮಾರು ಒಂಬತ್ತು ಕಿಲೋ. ಸಣ್ಣ ಬ್ಯಾಟರಿ ಹಾಕಿ ಉಳಿಸಿದ ನಾಲ್ಕು ಕಿಲೋ ಅದರ ಕಣ್ಣಿಗೆ ಬೀಳುವ ಖಾತ್ರಿಯಿಲ್ಲ. ಅಂಥದ್ದಕ್ಕೆ ಮನೆಯ ತೂಕದ ಯಂತ್ರವೇ ಸರಿ: ಬಿಚ್ಚಿದ ಸಾಮಾನು ಎತ್ತಿಕೊಂಡು ನಿಂತು ನೋಡಿ, ನಿಮ್ಮ ತೂಕ ಕಳೆದು ಬರೆದಿಟ್ಟುಕೊಳ್ಳಿ. ಬದಲಿಗೆ ಹಾಕಿದ್ದನ್ನೂ ಹಾಗೇ ತೂಗಿ.