ಚದರಡಿ ದರ

ಶೆಡ್ ಕಟ್ಟಿಸಲು ಹೊರಟವರು ವಿಜಯಪುರದ ನಮ್ಮ ವರ್ಕ್‌ಶಾಪಿಗೆ ಬಂದರೆ ಕುರ್ಚಿಯಲ್ಲಿ ಕೂರುವ ಮೊದಲೇ ಕೇಳುವ ಪ್ರಶ್ನೆ ಒಂದೇ: "ಚದರಡಿಗೆ ಎಷ್ಟು?" ಅಂದಾಜುಪಟ್ಟಿ ಬರೆಯುವುದು ನನ್ನ ಕೆಲಸ. ಆ ಪ್ರಶ್ನೆಗೆ ಥಟ್ಟನೆ ಉತ್ತರ ಕೊಡುವುದಿಲ್ಲವೆಂದು ಕೆಲವರಿಗೆ ನನ್ನ ಮೇಲೆ ಸಿಟ್ಟೂ ಇದೆ.

ಕಟ್ಟಡದ ಒಟ್ಟು ಬೆಲೆಯನ್ನು ಅದು ಆವರಿಸುವ ನೆಲದ ವಿಸ್ತೀರ್ಣದಿಂದ ಭಾಗಿಸಿದಾಗ ಬರುವ ಅಂಕಿಯೇ ಚದರಡಿ ದರ. ಅಂದರೆ ಲೆಕ್ಕದ ಕೊನೆಯಲ್ಲಿ ಹುಟ್ಟಬೇಕಾದ ಕೂಸು. ಪೇಟೆಯಲ್ಲಿ ಅದು ಎಲ್ಲಕ್ಕಿಂತ ಮುಂಚೆ ಹುಟ್ಟುತ್ತದೆ. ಮೊದಲು ದರ ಮಾತಾಗುತ್ತದೆ, ಆಮೇಲೆ ಕಟ್ಟುವವನು ಆ ದರದಲ್ಲಿ ಎಷ್ಟು ಕಬ್ಬಿಣ ಹಿಡಿಸುತ್ತದೋ ಅಷ್ಟು ಹಾಕುತ್ತಾನೆ.

ಉಕ್ಕನ್ನು ಯಾರೂ ಚದರಡಿ ಲೆಕ್ಕದಲ್ಲಿ ಮಾರುವುದಿಲ್ಲ. ತೋರಣಗಲ್ಲಿನ ಕಾರ್ಖಾನೆಯಿಂದ ಹೊರಬೀಳುವ ಸುರುಳಿಯಿಂದ ಹಿಡಿದು ನಮ್ಮೂರ ಅಂಗಡಿಯ ಆಂಗಲ್‌ವರೆಗೆ ಎಲ್ಲವೂ ತೂಕಕ್ಕೆ. ವೆಲ್ಡಿಂಗ್ ಕೂಲಿಯೂ ಬಹುಮಟ್ಟಿಗೆ ಕಿಲೋ ಲೆಕ್ಕ, ಎತ್ತಿ ನಿಲ್ಲಿಸುವ ಕೂಲಿಯೂ ಹಾಗೆಯೇ. ಕಬ್ಬು ತೂಗುವ ಕಾಟಾದ ಮುಂದೆ ಹತ್ತು ಕಿಲೋ ಆಚೀಚೆಯಾದರೂ ಜಗಳಕ್ಕೆ ನಿಲ್ಲುವ ನಮ್ಮ ಜನ, ಹತ್ತಾರು ಟನ್ ಕಬ್ಬಿಣ ಕೊಳ್ಳುವಾಗ ತೂಕದ ಮಾತೇ ಎತ್ತುವುದಿಲ್ಲ. ನನಗೆ ಇದು ಇಂದಿಗೂ ಬಗೆಹರಿಯದ ಒಗಟು.

ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರು ಒಮ್ಮೆ ಎರಡು ಕೊಟೇಶನ್ ಹಿಡಿದು ಬಂದಿದ್ದರು. ಒಣದ್ರಾಕ್ಷಿ ಆರಿಸಿ ಪೆಟ್ಟಿಗೆ ತುಂಬಲು 40 ಅಡಿ ಅಗಲ, 100 ಅಡಿ ಉದ್ದದ ಶೆಡ್ ಬೇಕಿತ್ತು. ಎರಡನೆಯ ಕಾಗದದಲ್ಲಿ ಚದರಡಿಗೆ 40 ರೂಪಾಯಿ ಕಡಿಮೆ. 4,000 ಚದರಡಿಗೆ 1,60,000 ರೂಪಾಯಿ ಉಳಿತಾಯ. "ಇದನ್ನೇ ಒಪ್ಪಿಕೊಳ್ಳಲೇ?" ಎಂದು ಕೇಳಿದರು. "ಕಾಕಾ, ತೂಕ ಎಷ್ಟೆಂದು ಇಬ್ಬರನ್ನೂ ಕೇಳಿಕೊಂಡು ಬನ್ನಿ" ಎಂದೆ. ಎರಡು ದಿನ ಬಿಟ್ಟು ಬಂದರು. ಮೊದಲನೆಯವನದು ಚದರಡಿಗೆ 3.7 ಕಿಲೋ, ಎರಡನೆಯವನದು 3.2. ಅರ್ಧ ಕಿಲೋ ವ್ಯತ್ಯಾಸವನ್ನು 4,000ದಿಂದ ಗುಣಿಸಿದರೆ ಎರಡು ಟನ್. 1,60,000 ರೂಪಾಯಿ ಬಿಟ್ಟವನು ಎರಡು ಟನ್ ಕಬ್ಬಿಣವನ್ನೂ ಬಿಟ್ಟಿದ್ದ, ಕಿಲೋಗೆ 80 ರೂಪಾಯಿಯಂತೆ. ರಿಯಾಯಿತಿ ಎಲ್ಲಿ ಬಂತು?

ಹಾಗೆಂದು ತೂಕ ಕಡಿಮೆ ಇದ್ದರೆ ಮೋಸ ಎಂದುಕೊಳ್ಳುವುದೂ ತಪ್ಪು. ಎರಡು ಬದಿ ಕಂಬ, ಮೇಲೆ ಇಳಿಜಾರು ತೊಲೆ ಇರುವ ಚೌಕಟ್ಟಿನಲ್ಲಿ ಕಂಬ ತೊಲೆಯನ್ನು ಸೇರುವ ಮೂಲೆಯಲ್ಲಿ ಬಾಗಿಸುವ ಬಲ ಹೆಚ್ಚು, ಬೇರೆಡೆ ಕಡಿಮೆ. ಪಿಇಬಿ ಎಂದು ಕರೆಯುವ ಬಗೆಯಲ್ಲಿ ಬಿಡಿಭಾಗಗಳನ್ನು ಮೊದಲೇ ಲೆಕ್ಕ ಹಾಕಿ ಕಾರ್ಖಾನೆಯಲ್ಲೇ ತಯಾರಿಸಿ ತಂದು ಬೋಲ್ಟ್ ಹಾಕಿ ಜೋಡಿಸುತ್ತಾರೆ. ಅಲ್ಲಿ ಪ್ಲೇಟ್ ಕತ್ತರಿಸಿ ಬೆಸೆದು ಮೂಲೆಯಲ್ಲಿ ಅಗಲ, ಉಳಿದೆಡೆ ಕಿರಿದು ಮಾಡುತ್ತಾರೆ. 250ರ ದರ್ಜೆಯ ಉಕ್ಕಿನ ಬದಲು 350ರದ್ದನ್ನು ಬಳಸಿದರೂ ತೂಕ ಇಳಿಯುತ್ತದೆ; ದರ್ಜೆಯ ಅಂಕಿ ದೊಡ್ಡದಾದಷ್ಟೂ ಉಕ್ಕು ಹೆಚ್ಚು ಬಲ ತಾಳುತ್ತದೆ. ಆದರೆ ಹಾಗೆ ಇಳಿಸಿದವನ ಕೈಯಲ್ಲಿ ನಕ್ಷೆ ಇರುತ್ತದೆ, ಎಂಜಿನಿಯರ್ ಸಹಿ ಇರುತ್ತದೆ. ಕಾಕಾ ಕೇಳಿದಾಗ ಎರಡನೆಯವನ ಬಳಿ ಎರಡೂ ಇರಲಿಲ್ಲ.

ತೂಕವನ್ನು ಏರಿಸುವುದು ಯಾವುದು? ನೋಡಲು ದೂರ ಹೋಗಬೇಕಿಲ್ಲ, ಗೋಳಗುಮ್ಮಟದ ಒಳಗೆ ನಿಂತರೆ ಸಾಕು. ಪ್ರತಿ ಬದಿ ಸುಮಾರು 41 ಮೀಟರ್ ಇರುವ ಚೌಕದ ನಡುವೆ ಒಂದೂ ಕಂಬವಿಲ್ಲ. ಅದಕ್ಕೆ ತೆತ್ತ ಬೆಲೆ ಸುತ್ತಲಿನ ಸುಮಾರು 3 ಮೀಟರ್ ದಪ್ಪದ ಗೋಡೆಯಲ್ಲಿದೆ. ಕಂಬವಿಲ್ಲದ ಅಗಲ ಯಾವ ಕಾಲದಲ್ಲೂ ಅಗ್ಗವಲ್ಲ. ಎರಡು ತುದಿಯಲ್ಲಿ ಕೂತ ತೊಲೆ ದಾಟಬೇಕಾದ ಅಗಲ 40 ಅಡಿಯಿಂದ 60ಕ್ಕೆ ಏರಿದರೆ, ಅಡಿಗೆ ಬೀಳುವ ಭಾರ ಅಷ್ಟೇ ಇದ್ದರೂ ಅದನ್ನು ಬಾಗಿಸುವ ಬಲ ಎರಡೂಕಾಲು ಪಟ್ಟಾಗುತ್ತದೆ. ತೊಲೆಯ ಆಳ ಹೆಚ್ಚಿಸಿ ಉಕ್ಕನ್ನು ಅಷ್ಟು ಏರದಂತೆ ಹಿಡಿಯಬಹುದು, ಆದರೂ ಏರುವುದಂತೂ ನಿಜ. ಹಾಗಾಗಿ 40 ಅಡಿಯ ಶೆಡ್ಡಿನ ಚದರಡಿ ದರವನ್ನು 60 ಅಡಿಯದಕ್ಕೆ ಹೊಂದಿಸಿ ಮಾತಾಡುವುದರಲ್ಲಿ ಅರ್ಥವಿಲ್ಲ. ಎತ್ತರದ್ದೂ ಇದೇ ಕಥೆ: ನೆಲದ ಅಳತೆ ಬದಲಾಗದೆ ಕಂಬ, ಗೋಡೆಯ ತಗಡು ಎರಡೂ ಬೆಳೆಯುತ್ತವೆ.

ಇನ್ನೊಂದು ಗಾಳಿ. ಮಳೆಗಾಲಕ್ಕೆ ಮುಂಚಿನ ಬಿರುಗಾಳಿಗೆ ಪತ್ರಾಸ್ ಹಾರಿಹೋದ ಸುದ್ದಿಯಿಲ್ಲದ ಬೇಸಿಗೆ ನಮ್ಮಲ್ಲಿಲ್ಲ. ಹಳ್ಳಿಗಳಲ್ಲಿ ತಗಡಿನ ಮೇಲೆ ಸಾಲಾಗಿ ಇಟ್ಟ ಕಲ್ಲುಗಳನ್ನು ನೋಡಿದ್ದೀರಲ್ಲ, ಅವೇ ನಮ್ಮ ಹಳೆಯ ಎಂಜಿನಿಯರಿಂಗ್. ತಗಡಿನ ಚಾವಣಿಯ ದೊಡ್ಡ ಶತ್ರು ಅದನ್ನು ಮೇಲಕ್ಕೆ ಎತ್ತುವ ಗಾಳಿ. ಗಾಳಿಯ ವೇಗ ಇಮ್ಮಡಿಯಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಕಟ್ಟಡದ ಮೇಲೆ ಬೀಳುವ ಭಾರಗಳ ಭಾರತೀಯ ಮಾನದಂಡವಾದ ಐಎಸ್ 875ರ ಮೂರನೆಯ ಭಾಗ ಈ ಗಾಳಿಯ ಲೆಕ್ಕಕ್ಕೇ ಮೀಸಲು. ಒಂದು ಬದಿ ತೆರೆದಿಟ್ಟ ಶೆಡ್ಡಿನಲ್ಲಿ ಗಾಳಿ ಒಳಹೊಕ್ಕು ಕೆಳಗಿನಿಂದಲೂ ನೂಕುತ್ತದೆ. "ಒಂದು ಗೋಡೆ ಬಿಟ್ಟರೆ ಎಷ್ಟು ಉಳಿಯುತ್ತದೆ?" ಎಂದು ಕೇಳುವವರಿಗೆ ನಾನು ಇದನ್ನು ಮೊದಲು ಹೇಳುತ್ತೇನೆ. ತಗಡಿನಲ್ಲಿ ಉಳಿದದ್ದು ಬೋಲ್ಟು, ಬ್ರೇಸಿಂಗ್ (ಚೌಕಟ್ಟು ಓಲಾಡದಂತೆ ಹಾಕುವ ಓರೆ ಕಂಬಿ), ಬುನಾದಿಯಲ್ಲಿ ಖರ್ಚಾಗಬಹುದು.

ತಗಡಿನ ಮಾತು ಬಂದದ್ದರಿಂದ ಒಂದು ಸಣ್ಣ ಪ್ರಯೋಗ. ಬಣ್ಣದ ತಗಡಿನ ಒಂದು ತುಂಡನ್ನು ಸ್ಕ್ರೂಗೇಜಿನ ಬಾಯಿಗಿಟ್ಟರೆ 0.50 ಮಿಲಿಮೀಟರ್ ತೋರಿಸುತ್ತದೆ. ಕೊಟೇಶನ್ನಿನಲ್ಲೂ 0.50 ಎಂದೇ ಇರುತ್ತದೆ. ಈಗ ಬಣ್ಣವನ್ನೂ ಅದರಡಿಯ ಸತುವಿನ ಲೇಪವನ್ನೂ ಕಳೆದು ನೋಡಿ, ಉಕ್ಕು ಸುಮಾರು 0.45 ಮಾತ್ರ. ಲೇಪ ಸೇರಿದ ದಪ್ಪಕ್ಕೆ ಟಿಸಿಟಿ, ಬರಿಯ ಉಕ್ಕಿನ ದಪ್ಪಕ್ಕೆ ಬಿಎಂಟಿ ಎನ್ನುತ್ತಾರೆ. ಒಬ್ಬ ಟಿಸಿಟಿ 0.50 ಕೊಡುತ್ತಾನೆ, ಇನ್ನೊಬ್ಬ ಬಿಎಂಟಿ 0.50. ಕಾಗದದ ಮೇಲೆ ಎರಡೂ "ಅರ್ಧ ಎಂಎಂ ಶೀಟ್". ಒಂದು ಮಿಲಿಮೀಟರ್ ದಪ್ಪದ ಒಂದು ಚದರ ಮೀಟರ್ ಉಕ್ಕು 7.85 ಕಿಲೋ ತೂಗುತ್ತದೆ. ಆ ಲೆಕ್ಕದಲ್ಲಿ ಕಾಕಾ ಅವರ ಚಾವಣಿಯೊಂದರಲ್ಲೇ 0.05 ಮಿಲಿಮೀಟರಿಗೆ ಸುಮಾರು 145 ಕಿಲೋ ಉಕ್ಕು ಆಚೀಚೆಯಾಗುತ್ತದೆ. ಕಣ್ಣಿಗೆ ಕಾಣದು, ಕೈಗೂ ತಿಳಿಯದು. ಕೇಳಬೇಕಾದದ್ದು "ಬಿಎಂಟಿ ಎಷ್ಟು, ಸತು ಚದರ ಮೀಟರಿಗೆ ಎಷ್ಟು ಗ್ರಾಂ?" ಎಂದು.

ಇನ್ನು ಚದರಡಿ ದರದ ಹೊರಗೆ ನಿಲ್ಲುವ ಸಂಗತಿಗಳು. ಎಲ್ಲಕ್ಕಿಂತ ದೊಡ್ಡದು ಬುನಾದಿ. "ಸಿವಿಲ್ ಕೆಲಸ ಗ್ರಾಹಕರದು" ಎಂದು ಕೊಟೇಶನ್ನಿನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇರುವುದೇ ಹೆಚ್ಚು. ವಿಜಯಪುರ, ಬಾಗಲಕೋಟೆಯ ಎರೆಭೂಮಿಯಲ್ಲಿ ಈ ಒಂದು ಸಾಲು ಜೇಬಿಗೆ ಭಾರ. ಎರೆ ಮಣ್ಣು ಮಳೆಯಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಬುನಾದಿಗೆ ಅದರಡಿಯ ಗಟ್ಟಿ ಗರಸು ಮಣ್ಣು ಸಿಗುವವರೆಗೆ ಅಗೆಯಬೇಕು. ಪಕ್ಕದ ಹೊಲದವನಿಗೆ ನಾಲ್ಕು ಅಡಿಗೆ ಸಿಕ್ಕ ಗರಸು ನಿಮಗೆ ಎಂಟು ಅಡಿಗೂ ಸಿಗದಿರಬಹುದು. ಅದೇ ಶೆಡ್ಡನ್ನು ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಕಟ್ಟಿದರೆ ಚಿಂತೆಯೇ ಬೇರೆ. ಅಲ್ಲಿನ ಮಳೆಗೆ ಇಳಿಜಾರು, ಗಟರು, ತುಕ್ಕು ತಡೆಯುವ ಬಣ್ಣಕ್ಕೆ ಹೆಚ್ಚು ಹಣ ಬೇಕು.

ಸಾಗಾಟ, ಕ್ರೇನ್ ಬಾಡಿಗೆ, ಬಾಗಿಲು, ಬೆಳಕಿನ ಪಾರದರ್ಶಕ ಹಾಳೆ, ಗಾಳಿಗೆ ತಿರುಗುವ ವೆಂಟಿಲೇಟರ್ ಸೇರಿವೆಯೇ ಎಂದು ಒಂದೊಂದನ್ನೇ ಹೆಸರು ಹಿಡಿದು ಕೇಳಿದರೆ ಮುಗಿಯಿತು. ಜಿಎಸ್‌ಟಿ ಸಾಮಾನ್ಯವಾಗಿ ಶೇ. 18. "ಪ್ರತ್ಯೇಕ" ಎಂಬ ಪದ ಕಂಡರೆ ಅಷ್ಟನ್ನು ಮನಸ್ಸಿನಲ್ಲೇ ಕೂಡಿಸಿಕೊಳ್ಳಿ. ಉಕ್ಕಿನ ದರ ವಾರದಿಂದ ವಾರಕ್ಕೆ ಏರಿಳಿಯುವುದರಿಂದ ಕೊಟೇಶನ್ನಿನ ಆಯುಷ್ಯ ಚಿಕ್ಕದು. ಹೋದ ಯುಗಾದಿಯ ದರ ಹಿಡಿದು ಈ ದೀಪಾವಳಿಗೆ ಬರುವವರಿಗೆ ನಾನು ಚಹಾ ಮಾತ್ರ ಕೊಡಬಲ್ಲೆ.

ಕಾಕಾ ಕೊನೆಗೆ ಮೊದಲನೆಯವನಿಗೇ ಕೆಲಸ ಕೊಟ್ಟರು, ನನಗಲ್ಲ. ಆದರೆ ಕರಾರಿನಲ್ಲಿ ಒಂದು ಸಾಲು ಬರೆಸಿದರು: ಹೊಲಕ್ಕೆ ಬರುವ ಪ್ರತಿ ಲಾರಿಯೂ ದಾರಿಯ ಕಾಟಾದಲ್ಲಿ ತೂಗಿ, ಚೀಟಿ ತಂದುಕೊಡಬೇಕು. ಮೂರು ಲಾರಿ ಬಂದವು. ಮೂರೂ ಚೀಟಿಗಳನ್ನು ಹಿಡಿದು ಮತ್ತೆ ನಮ್ಮ ವರ್ಕ್‌ಶಾಪಿಗೆ ಬಂದು, ನನ್ನಿಂದಲೇ ಕೂಡಿಸಿಕೊಂಡು ಹೋದರು.