ಮೆರವಣಿಗೆ ಮುಗಿದ ಮೇಲೂ ಉಳಿಯುವ ದಾಖಲೆ

ಲಂಡನ್ನಿನಲ್ಲಿ ಸಾಲಿಸಿಟರ್ ಆಗಿರುವ ನನ್ನನ್ನು, ಇಲ್ಲಿಗೆ ಓದಲು ಬಂದ ಕನ್ನಡದ ವಿದ್ಯಾರ್ಥಿಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: ಯುದ್ಧ ನಿಲ್ಲಿಸಿ ಎನ್ನುವ ಮೆರವಣಿಗೆಗೆ ಹೋದರೆ ಪೊಲೀಸರು ನಮ್ಮ ಫೋಟೊ ತೆಗೆಯಬಹುದೇ? ತೆಗೆಯಬಹುದು. ಸಾರ್ವಜನಿಕ ರಸ್ತೆಯಲ್ಲಿ ಕ್ಯಾಮೆರಾ ಹಿಡಿದು ನಿಲ್ಲಲು ಅವರಿಗೆ ನಿಮ್ಮ ಒಪ್ಪಿಗೆ ಬೇಕಿಲ್ಲ. ನಾನು ಅವರಿಗೆ ಕಲಿಸಲು ಯತ್ನಿಸುವುದು ಮುಂದಿನ ಪ್ರಶ್ನೆಯನ್ನು. ಆ ಚಿತ್ರ ಯಾರ ಹೆಸರಿನ ಕಡತಕ್ಕೆ ಸೇರಿತು? ಅಲ್ಲಿ ಎಷ್ಟು ವರ್ಷ ಇರುತ್ತದೆ? ಅಳಿಸಿ ಎಂದರೆ ಅಳಿಸುವವರು ಯಾರು? ಶಾಂತಿಯುತವಾಗಿ ಬೀದಿಗಿಳಿದವರ ಹಕ್ಕು ಬಹುಮಟ್ಟಿಗೆ ಸೋರಿಹೋಗುವುದು ಇಲ್ಲಿಯೇ.

ಜಾನ್ ಕ್ಯಾಟ್ ಅವರ ಪ್ರಕರಣವನ್ನು ಇದಕ್ಕಾಗಿಯೇ ಎಲ್ಲರಿಗೂ ಹೇಳುತ್ತೇನೆ. ಬ್ರೈಟನ್ ನಗರದ ಈ ಶಾಂತಿ ಹೋರಾಟಗಾರರಿಗೆ ಆಗ ಸುಮಾರು 80 ವರ್ಷ. ಅಲ್ಲಿನ ಇಡಿಓ ಎಂಬ ಶಸ್ತ್ರಾಸ್ತ್ರ ಬಿಡಿಭಾಗಗಳ ಕಾರ್ಖಾನೆಯ ಎದುರು ನಡೆಯುತ್ತಿದ್ದ ಪ್ರತಿಭಟನೆಗಳಿಗೆ ಮಗಳೊಂದಿಗೆ ಹೋಗುತ್ತಿದ್ದರು, ಕುಳಿತು ಅಲ್ಲಿನ ದೃಶ್ಯವನ್ನು ರೇಖಾಚಿತ್ರವಾಗಿ ಬಿಡಿಸುತ್ತಿದ್ದರು. ಅವರು ಯಾವ ಅಪರಾಧಕ್ಕೂ ಶಿಕ್ಷೆಗೊಳಗಾದವರಲ್ಲ. ಆದರೂ 2005ರಿಂದ 2009ರ ನಡುವಿನ 66 ಪೊಲೀಸ್ ದಾಖಲೆಗಳಲ್ಲಿ ಅವರ ಹೆಸರಿತ್ತು. ಆ ದಾಖಲೆಗಳಿದ್ದ ಸಂಗ್ರಹಕ್ಕೆ 'ದೇಶೀಯ ಉಗ್ರವಾದ'ದ ಹಣೆಪಟ್ಟಿ. ಮುದುಕರೊಬ್ಬರು ಕುರ್ಚಿ ಹಾಕಿಕೊಂಡು ಚಿತ್ರ ಬಿಡಿಸಿದ್ದೂ ಅದರಲ್ಲಿ ದಾಖಲಾಗಿತ್ತು. ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ತಮ್ಮ ಬಗ್ಗೆ ಏನಿದೆ ಕೊಡಿ ಎಂದು ದತ್ತಾಂಶ ರಕ್ಷಣಾ ಕಾಯ್ದೆಯಡಿ ಅರ್ಜಿ ಹಾಕಿದಾಗಷ್ಟೇ ಕ್ಯಾಟ್ ಅವರಿಗೆ ವಿಷಯ ತಿಳಿಯಿತು. ಅಳಿಸಿ ಎಂದರೆ ಪೊಲೀಸರು ಒಪ್ಪಲಿಲ್ಲ. ಹೈಕೋರ್ಟಿನಲ್ಲಿ ಸೋತರು, 2013ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಗೆದ್ದರು, 2015ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮತ್ತೆ ಸೋತರು. ಕೊನೆಗೆ ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ (ಬ್ರಿಟನ್ ಕೂಡ ಇದರ ವ್ಯಾಪ್ತಿಗೆ ಸೇರಿದೆ) 2019ರ ಜನವರಿ 24ರಂದು ಅವರ ಪರ ತೀರ್ಪಿತ್ತಾಗ ಅವರ ವಯಸ್ಸು 90 ದಾಟಿತ್ತು. ಮಾಹಿತಿ ಕಲೆಹಾಕಿದ್ದೇ ತಪ್ಪು ಎಂದು ಆ ನ್ಯಾಯಾಲಯ ಹೇಳಲಿಲ್ಲ. ರಾಜಕೀಯ ಅಭಿಪ್ರಾಯವನ್ನು ಬಯಲು ಮಾಡುವ ಮಾಹಿತಿಗೆ ಹೆಚ್ಚಿನ ರಕ್ಷಣೆ ಬೇಕು. ಗರಿಷ್ಠ ಅವಧಿಯನ್ನೇ ಗೊತ್ತುಪಡಿಸದೆ, ಸರಿಯಾದ ಪರಿಶೀಲನೆ ನಡೆಸದೆ ಅದನ್ನು ಇಟ್ಟುಕೊಂಡದ್ದು ಖಾಸಗಿ ಬದುಕಿನ ಹಕ್ಕಿನ ಉಲ್ಲಂಘನೆ ಎಂದಿತು. ವಕೀಲರಾದ ನಮಗೆ ಇದು ಬಹಳ ಉಪಯುಕ್ತ ತೀರ್ಪು. ಕಣ್ಗಾವಲು ಬೇಕೋ ಬೇಡವೋ ಎಂಬ ಕೊನೆಯಿಲ್ಲದ ವಾದವನ್ನು ಬದಿಗಿಟ್ಟು, ಅವಧಿ ಎಷ್ಟು, ಪರಿಶೀಲಿಸಿದವರು ಯಾರು ಎಂದು ಪೊಲೀಸರನ್ನು ನೇರವಾಗಿ ಕೇಳಲು ಇದು ದಾರಿ ಮಾಡಿತು.

ಅವಧಿಯ ಬಗ್ಗೆ ಇಷ್ಟು ಹಟ ಏಕೆ ಎನ್ನುವವರು 1968ನ್ನು ನೆನೆಯಬೇಕು. ಆ ವರ್ಷದ ಮಾರ್ಚ್ 17ರಂದು ಲಂಡನ್ನಿನ ಗ್ರೋವ್ನರ್ ಚೌಕದಲ್ಲಿ, ಅಮೆರಿಕದ ರಾಯಭಾರ ಕಚೇರಿಯ ಎದುರು ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ನಡೆದ ಪ್ರತಿಭಟನೆ ಘರ್ಷಣೆಗೆ ತಿರುಗಿತು. ಅಕ್ಟೋಬರಿನ ಮುಂದಿನ ಮೆರವಣಿಗೆಗೆ ಮುನ್ನ ಸುಳಿವು ಬೇಕೆಂದು ಪೊಲೀಸರು ವೇಷ ಮರೆಸಿದ ಅಧಿಕಾರಿಗಳ ತಂಡವೊಂದನ್ನು ಕಟ್ಟಿದರು. ಮೆರವಣಿಗೆ ಮುಗಿಯಿತು, ತಂಡ ಉಳಿಯಿತು. 2008ರವರೆಗೆ, ಸುಮಾರು 40 ವರ್ಷ ಅದು ಕೆಲಸ ಮಾಡಿತು. ಅದರ ಅಧಿಕಾರಿಗಳು ಸತ್ತ ಮಕ್ಕಳ ಹೆಸರುಗಳನ್ನು ತಮ್ಮದಾಗಿಸಿಕೊಂಡರು. ಕೆಲವರು ಹೋರಾಟಗಾರ್ತಿಯರನ್ನು ವಂಚಿಸಿ ಅವರೊಂದಿಗೆ ಸಂಸಾರವನ್ನೂ ಹೂಡಿದರು. ಇದರ ಬಗ್ಗೆ 2015ರಲ್ಲಿ ಆರಂಭವಾದ ಸಾರ್ವಜನಿಕ ವಿಚಾರಣೆಯ 2023ರ ಮಧ್ಯಂತರ ವರದಿ, ಈ ವಿಧಾನಗಳು ಆಗಲೇ ಜನರಿಗೆ ತಿಳಿದಿದ್ದರೆ ತಂಡ ಬೇಗನೆ ಮುಚ್ಚಿಹೋಗುತ್ತಿತ್ತು ಎಂದಿದೆ.

ಈಗ ಮನುಷ್ಯರ ಜಾಗಕ್ಕೆ ಯಂತ್ರವೂ ಬಂದಿದೆ. 2018ರ ಮಾರ್ಚಿನಲ್ಲಿ ವೇಲ್ಸಿನ ಕಾರ್ಡಿಫ್‌ನಲ್ಲಿ ಶಸ್ತ್ರಾಸ್ತ್ರ ಪ್ರದರ್ಶನದ ವಿರುದ್ಧ ನಿಂತವರ ಎದುರು ಪೊಲೀಸರು ಮುಖ ಗುರುತಿಸುವ ಕ್ಯಾಮೆರಾ ಬಳಸಿದರು. ಅಲ್ಲಿದ್ದ ಎಡ್ ಬ್ರಿಜಸ್ ನ್ಯಾಯಾಲಯಕ್ಕೆ ಹೋದರು. ಪೊಲೀಸರು ಹುಡುಕುತ್ತಿರುವವರ ಪಟ್ಟಿಯಲ್ಲಿನ ಯಾರಿಗೂ ಹೋಲದ ಮುಖಗಳ ದತ್ತಾಂಶವನ್ನು ಯಂತ್ರ ಕೂಡಲೇ ಅಳಿಸುತ್ತಿತ್ತು, ನಿಜ. ಆದರೂ ಮೇಲ್ಮನವಿ ನ್ಯಾಯಾಲಯ 2020ರ ಆಗಸ್ಟ್ 11ರಂದು ಆ ಬಳಕೆ ಕಾನೂನುಬಾಹಿರ ಎಂದಿತು. ಪಟ್ಟಿಗೆ ಯಾರನ್ನು ಸೇರಿಸಬೇಕು, ಕ್ಯಾಮೆರಾ ಎಲ್ಲಿಡಬೇಕು ಎಂಬುದು ಅಧಿಕಾರಿಯ ವಿವೇಚನೆಗೆ ಬಿಟ್ಟ ವಿಷಯವಾಗಿತ್ತು ಎಂಬುದು ಒಂದು ಮುಖ್ಯ ಕಾರಣ. ತಂತ್ರಜ್ಞಾನವನ್ನು ಅದು ನಿಷೇಧಿಸಲಿಲ್ಲ. ಸ್ಪಷ್ಟ ನಿಯಮ ಬರೆದುಕೊಂಡರೆ ಬಳಸಬಹುದು.

ಊರಿಗೆ ಬಂದಾಗ ಗೆಳೆಯರು, ಇವೆಲ್ಲ ನಮಗೆ ಅನ್ವಯಿಸುತ್ತವೆಯೇ ಎನ್ನುತ್ತಾರೆ. ನೇರವಾಗಿ ಇಲ್ಲ. ಆದರೆ ಖಾಸಗಿತನ ಮೂಲಭೂತ ಹಕ್ಕು ಎಂದು ಭಾರತದ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಘೋಷಿಸಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯಿಂದಾಗಿ. ಬೆಂಗಳೂರಿನ ಪ್ರತಿಭಟನೆಯಲ್ಲಿ ಪೊಲೀಸರು ತೆಗೆದ ವಿಡಿಯೊ ಎಷ್ಟು ದಿನ ಇರಬೇಕು ಎಂದು ಕೇಳಲು ಆ ತೀರ್ಪು ಗಟ್ಟಿ ಆಧಾರ. ತೊಡಕಿರುವುದು 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ: ಸರ್ಕಾರಿ ಸಂಸ್ಥೆಗಳಿಗೆ ಅಧಿಸೂಚನೆ ಹೊರಡಿಸಿ ವಿನಾಯಿತಿ ನೀಡುವ ಅಧಿಕಾರ ಅದರಡಿ ಕೇಂದ್ರ ಸರ್ಕಾರಕ್ಕಿದೆ.

ಬ್ರಿಟನ್ನಿನಲ್ಲಿ ಇರುವವರಿಗೆ ಕೆಲಸಕ್ಕೆ ಬರುವ ಮಾತು ಇಷ್ಟು. ಪೊಲೀಸರ ಬಳಿ ನಿಮ್ಮ ಬಗ್ಗೆ ಏನಿದೆ ಎಂದು ಯಾರು ಬೇಕಾದರೂ ಅರ್ಜಿ ಹಾಕಬಹುದು. ಶುಲ್ಕವಿಲ್ಲ, ಸಾಮಾನ್ಯವಾಗಿ ಒಂದು ತಿಂಗಳೊಳಗೆ ಉತ್ತರ ಕೊಡಬೇಕು. ಅಪರಾಧ ತಡೆಯ ಹೆಸರಿನಲ್ಲಿ ಕೆಲವನ್ನು ಮುಚ್ಚಿಡಲು ಅವರಿಗೆ ಅವಕಾಶವಿದೆ, ಆದರೂ ಹಾಕಿ. ಮೆರವಣಿಗೆಯ ದಿನಾಂಕ, ಜಾಗ, ಸಮಯ ಬರೆದಷ್ಟೂ ಹುಡುಕುವುದು ಸುಲಭ. ಮೆರವಣಿಗೆಯಲ್ಲಿ ಬಂಧನವಾದರೆ, ಬೇಗ ಬಿಡುತ್ತೇವೆ ಎಂದು ಪೊಲೀಸರು ಮುಂದಿಡುವ, ಕೋರ್ಟಿಗೆ ಒಯ್ಯುವ ಬದಲು ಕೊಡುವ ಅಧಿಕೃತ ಎಚ್ಚರಿಕೆಯಾದ ಕಾಷನ್‌ಗೆ ವಕೀಲರೊಂದಿಗೆ ಮಾತನಾಡದೆ ಸಹಿ ಹಾಕಬೇಡಿ. ಅದು ತಪ್ಪೊಪ್ಪಿಗೆ, ದಾಖಲೆಯಲ್ಲಿ ಉಳಿಯುತ್ತದೆ, ವೀಸಾ ಅರ್ಜಿಯಲ್ಲಿ ಎದುರಾಗಬಹುದು. ಠಾಣೆಯಲ್ಲಿ ಸಾಲಿಸಿಟರ್ ನೆರವು ಹಗಲಿರುಳೂ ಉಚಿತ. ಇಂಗ್ಲಿಷಿನಲ್ಲಿ ಉತ್ತರಿಸಲು ಕಷ್ಟವಾದರೆ ಕನ್ನಡ ದುಭಾಷಿಯನ್ನು ಕೇಳಿ, ಅದಕ್ಕೂ ನೀವು ಹಣ ಕೊಡಬೇಕಿಲ್ಲ.