ಮುದ್ದೆ ಉಚ್ಚೆ ಹೊಯ್ದ ದಿನ

ಹದಿನಾಲ್ಕು ದಿನ ನಮ್ಮ ಮನೆಯಲ್ಲಿ ಯಾರೂ ಪೇಪರ್ ನೆಟ್ಟಗೆ ಓದಲಿಲ್ಲ. ಬೆಳಿಗ್ಗೆ ಪೇಪರ್ ಬಂದ ಕೂಡಲೇ ಅಮ್ಮ ಮುಖಪುಟದ ಮೇಲೆ ಒಮ್ಮೆ ಕಣ್ಣಾಡಿಸಿ, ಪರಪರ ಅಂತ ಪಟ್ಟಿ ಪಟ್ಟಿಯಾಗಿ ಹರಿದು ಪ್ಲಾಸ್ಟಿಕ್ ಟ್ರೇಗೆ ತುಂಬುತ್ತಿದ್ದರು. ಎರಡು ಗಂಟೆಗೊಮ್ಮೆ ನಾನು ಹೋಗಿ ಆ ಪಟ್ಟಿಗಳನ್ನು ಎತ್ತಿ ನೋಡುತ್ತಿದ್ದೆ. ಒದ್ದೆಯಾಗಿದೆಯಾ? ಎಷ್ಟು ಅಗಲಕ್ಕೆ? ಬಣ್ಣ ಹಳದಿಯಾ, ಕೆಂಪಾ? ಬನಶಂಕರಿಯ ಸಣ್ಣ ಫ್ಲ್ಯಾಟೊಂದರಲ್ಲಿ ಮೂವರು ದೊಡ್ಡವರು ಒಂದು ಬೆಕ್ಕಿನ ಉಚ್ಚೆಯ ಲೆಕ್ಕ ಬರೆಯುತ್ತಾ ಕೂತಿದ್ದೆವು. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ.

ಬೆಕ್ಕಿನ ಹೆಸರು ಮುದ್ದೆ. ಬಣ್ಣ ರಾಗಿಯದ್ದು, ಆಕಾರವೂ ಅದೇ. ಐದು ವರ್ಷದ ಗಂಡು.

ಶುರುವಾಗಿದ್ದು ದೀಪಾವಳಿಯ ವಾರದಲ್ಲಿ. ಹೊರಗೆ ಪಟಾಕಿ, ಮೇಲ್ಮನೆಯಲ್ಲಿ ಟೈಲ್ಸ್ ಕೊರೆಯುವ ಸದ್ದು. ಮುದ್ದೆ ಮಂಚದ ಕೆಳಗೆ ಸೇರಿಕೊಂಡಿದ್ದ. ಒಂದು ದಿನ ಬೆಳಿಗ್ಗೆಯಿಂದ ಪದೇ ಪದೇ ಟ್ರೇಗೆ ಹೋಗಿ ಕುಕ್ಕರಗಾಲಿನಲ್ಲಿ ಕೂತು ತಿಣುಕತೊಡಗಿದ. ಏನೂ ಬರಲಿಲ್ಲ. ನಾವು ಮಲಬದ್ಧತೆ ಅಂದುಕೊಂಡೆವು. ಅಮ್ಮ ಬೇಯಿಸಿದ ಕುಂಬಳಕಾಯಿ ತಿನ್ನಿಸಲು ನೋಡಿದರು. ಎದುರುಮನೆ ಆಂಟಿ ಬಂದು ನೋಡಿ, "ಉಷ್ಣ ಆಗಿರುತ್ತೆ ಕಣ್ರೀ, ಎರಡು ಚಮಚ ಎಳನೀರು ಕುಡ್ಸಿ" ಅಂದರು. ಹೀಗೆ ಅರ್ಧ ದಿನ ಕಳೆದುಹೋಯಿತು. ಬೆಕ್ಕು ಸಾಕಿದ ತುಂಬಾ ಜನ ಮಾಡುವ ತಪ್ಪು ಇದೇ. ಎರಡಕ್ಕೂ ಕೂರುವ ಭಂಗಿ ಒಂದೇ ಥರ ಕಾಣುತ್ತದೆ. ಆದರೆ ಮಲ ಒಂದು ದಿನ ತಡೆದುಕೊಳ್ಳುತ್ತದೆ, ಉಚ್ಚೆ ತಡೆದುಕೊಳ್ಳುವುದಿಲ್ಲ. ಗಂಡು ಬೆಕ್ಕು ತಿಣುಕುತ್ತಿದೆ, ಟ್ರೇ ಒಣಗಿದೆ ಅಂದರೆ ಆಗಲೇ ಆಟೋ ಹತ್ತಬೇಕು. ಪೂರ್ತಿ ಕಟ್ಟಿಕೊಂಡು ಎರಡು ಮೂರು ದಿನವಾದರೆ ಬೆಕ್ಕು ಉಳಿಯುವುದು ಕಷ್ಟ.

ಗಂಡು ಬೆಕ್ಕಿಗೇ ಯಾಕೆ ಈ ಗತಿ? ಹೆಣ್ಣು ಬೆಕ್ಕಿನ ಮೂತ್ರನಾಳ ಗಿಡ್ಡ, ಅಗಲ. ಗಂಡಿನದ್ದು ಉದ್ದ, ಹೊರಗೆ ಬರುತ್ತಾ ಬರುತ್ತಾ ಕಿರಿದು. ಮೂತ್ರಕೋಶದ ಬಾಯಿಯ ಹತ್ತಿರ ಒಳಗಿನ ಅಗಲ ಎರಡು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ. ಸೊಂಟದ ಮೂಳೆ ದಾಟಿ ಬರುವಷ್ಟರಲ್ಲಿ ಸುಮಾರು 1.3 ಮಿಲಿಮೀಟರ್. ತುದಿಯಲ್ಲಿ, ಶಿಶ್ನದೊಳಗೆ, ಬರೀ 0.7 ಮಿಲಿಮೀಟರ್. ಅಷ್ಟು ಸಣ್ಣ ದಾರಿಯಲ್ಲಿ ರವೆಯ ಕಾಳಿನಷ್ಟು ಏನು ಸಿಕ್ಕಿಕೊಂಡರೂ ಮುಗಿಯಿತು. ಎಳೆಯದರಲ್ಲೇ ಬೀಜ ತೆಗೆಸಿದರೆ ನಾಳ ಬೆಳೆಯುವುದಿಲ್ಲ, ಅದಕ್ಕೇ ಹೀಗಾಗುತ್ತದೆ ಅನ್ನುವ ಮಾತು ಬೆಕ್ಕು ಸಾಕುವವರ ನಡುವೆ ಓಡಾಡುತ್ತದೆ. ಅಳೆದು ನೋಡಿದ ಅಧ್ಯಯನಗಳಲ್ಲಿ ಅಂಥ ವ್ಯತ್ಯಾಸ ಕಂಡಿಲ್ಲ.

ಸಿಕ್ಕಿಕೊಂಡಿದ್ದು ಏನು ಅಂತ ಡಾಕ್ಟ್ರು ಮೈಕ್ರೋಸ್ಕೋಪಿನಲ್ಲಿ ತೋರಿಸಿದರು. ಹಂಚಿನ ಮನೆಯ ಮಾಡಿನ ಥರ ಇಳಿಜಾರಾದ, ಗಾಜಿನಂಥ ಹರಳುಗಳು. ಇವಕ್ಕೆ ಸ್ಟ್ರುವೈಟ್ ಅಂತ ಹೆಸರು. ಮೆಗ್ನೀಸಿಯಮ್, ಅಮೋನಿಯಂ, ಫಾಸ್ಫೇಟ್ ಸೇರಿ ಆದ ಖನಿಜ. 1845ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಒಂದು ಚರ್ಚಿಗೆ ಪಾಯ ತೋಡುವಾಗ ಹಳೆಯ ಸಗಣಿ ಬೆರೆತ ಮಣ್ಣಿನಲ್ಲಿ ಉಲೆಕ್ಸ್ ಅನ್ನುವ ರಸಾಯನ ವಿಜ್ಞಾನಿಗೆ ಇದು ಸಿಕ್ಕಿತು. ಖನಿಜಗಳ ಹುಚ್ಚಿದ್ದ ಸ್ಟ್ರೂವೆ ಎಂಬ ರಾಜತಾಂತ್ರಿಕನ ಹೆಸರನ್ನು ಅದಕ್ಕೆ ಇಟ್ಟ. ಉಚ್ಚೆಗೂ ಸಗಣಿಗೂ ಅಂಟಿಕೊಂಡು ಹೆಸರು ಉಳಿಯುವುದು ಅಂದರೆ ಏನು ಭಾಗ್ಯವೋ! ಇರಲಿ. ಬರೀ ಹರಳಾಗಿದ್ದರೆ ಮರಳಿನ ಹಾಗೆ ಜಾರಿ ಹೊರಗೆ ಹೋಗಿಬಿಡಬಹುದು. ಮೂತ್ರಕೋಶ ಉರಿಯೂತದಿಂದ ಕೆರಳಿದಾಗ ಲೋಳೆ, ಸತ್ತ ಜೀವಕೋಶ ಎಲ್ಲಾ ಇಳಿಯುತ್ತವೆ. ಮರಳಿಗೆ ಸಿಮೆಂಟು ಕೂಡಿದ ಹಾಗೆ. ಆಗ ಅದು ಬಿರಡೆಯಾಗುತ್ತದೆ.

ಆಸ್ಪತ್ರೆಗೆ ಹೋದಾಗ ಡಾಕ್ಟ್ರು ಮೊದಲು ನೋಡಿದ್ದು ಹೊಟ್ಟೆಯನ್ನಲ್ಲ, ಎದೆಯನ್ನು. ಆಸ್ಪತ್ರೆಯ ಗಾಬರಿಯಲ್ಲಿ ಬೆಕ್ಕಿನ ಎದೆಬಡಿತ ನಿಮಿಷಕ್ಕೆ 160ರಿಂದ 220ರವರೆಗೆ ಇರಬೇಕು. ಮುದ್ದೆಯದ್ದು 110 ಇತ್ತು. ಕಾರಣ ಪೊಟ್ಯಾಸಿಯಮ್. ದಿನಾ ಉಚ್ಚೆಯ ಜೊತೆ ಹೊರಗೆ ಹೋಗಬೇಕಾದ ಪೊಟ್ಯಾಸಿಯಮ್ ರಕ್ತದಲ್ಲೇ ಉಳಿದು ಏರುತ್ತಾ ಹೋದರೆ ಹೃದಯದ ವಿದ್ಯುತ್ ತಾಳ ತಪ್ಪುತ್ತದೆ, ಬಡಿತ ನಿಧಾನವಾಗುತ್ತದೆ, ಕೊನೆಗೆ ನಿಲ್ಲುತ್ತದೆ. ಉಚ್ಚೆ ಕಟ್ಟಿದ ಬೆಕ್ಕನ್ನು ಕೊಲ್ಲುವುದು ಮೂತ್ರಕೋಶ ಒಡೆಯುವುದಕ್ಕಿಂತ ಹೆಚ್ಚಾಗಿ ಇದೇ. ಆಂಟಿ ಹೇಳಿದ ಎಳನೀರು ನೆನಪಾಗಿ ನನಗೆ ಬೆವರು ಬಂತು. ಎಳನೀರಿನಲ್ಲಿ ತುಂಬಿರುವುದೇ ಪೊಟ್ಯಾಸಿಯಮ್! ಮನುಷ್ಯರಿಗೆ ಉಚ್ಚೆ ಉರಿ ಬಂದರೆ ಕೊಡುವ ಮದ್ದು ದಾರಿ ಕಟ್ಟಿದ ಬೆಕ್ಕಿಗೆ ವಿಷವಾಗುತ್ತಿತ್ತು. ಪುಣ್ಯಕ್ಕೆ ಅವನು ಬಾಯಿ ಬಿಟ್ಟಿರಲಿಲ್ಲ.

ರಕ್ತನಾಳಕ್ಕೆ ನಿಧಾನವಾಗಿ ಕ್ಯಾಲ್ಸಿಯಂ ಗ್ಲುಕೊನೇಟ್ ಕೊಟ್ಟರು. ಇದು ಪೊಟ್ಯಾಸಿಯಮ್ ಇಳಿಸುವುದಿಲ್ಲ. ಸ್ವಲ್ಪ ಹೊತ್ತು ಹೃದಯಕ್ಕೆ ಕೊಡೆ ಹಿಡಿಯುತ್ತದೆ ಅಷ್ಟೇ. ಆಮೇಲೆ ಅರಿವಳಿಕೆ, ಉಚ್ಚೆಯ ದಾರಿಗೆ ತೂರಿಸುವ ಸಣ್ಣ ಕೊಳವೆ ಅಂದರೆ ಕ್ಯಾಥೆಟರ್, ಡ್ರಿಪ್. ದಾರಿ ಬಿಟ್ಟುಕೊಂಡ ಮೇಲೆ ಇನ್ನೊಂದು ವಿಚಿತ್ರ. ಒತ್ತಡದಿಂದ ಬಿಡುಗಡೆಯಾದ ಕಿಡ್ನಿಗಳು ಕಟ್ಟೆ ಒಡೆದ ಹಾಗೆ ಉಚ್ಚೆ ಸುರಿಸುತ್ತವೆ. ಆಗ ಡ್ರಿಪ್ ಕಡಿಮೆಯಾದರೆ ಬೆಕ್ಕು ನೀರಿಲ್ಲದೆ ಬಾಡಿಹೋಗುತ್ತದೆ. ಹೊರಬಂದಷ್ಟನ್ನೂ ಅಳೆದು ಒಳಗೆ ಕೊಡಬೇಕು.

ಎರಡು ದಿನ ಬಿಟ್ಟು ಕ್ಯಾಥೆಟರ್ ತೆಗೆದರು. ಮತ್ತೆ ಕಟ್ಟಿತು. ಮತ್ತೆ ಹಾಕಿದರು, ತೆಗೆದರು. ಮೂರನೇ ಸಲ ಕಟ್ಟಿದಾಗ ಆಪರೇಷನ್ ಮಾತು ಬಂತು.

ಈ ಆಪರೇಷನ್ನಿಗೆ ಪೆರಿನಿಯಲ್ ಯುರೆತ್ರೋಸ್ಟಮಿ ಅನ್ನುತ್ತಾರೆ. ವಿಲ್ಸನ್ ಮತ್ತು ಹ್ಯಾರಿಸನ್ ಎಂಬ ಪಶುವೈದ್ಯರು 1971ರಲ್ಲಿ ವಿವರಿಸಿದ ವಿಧಾನವೇ ಇವತ್ತಿಗೂ ಇದರ ಬುನಾದಿ. ಉಪಾಯ ಸರಳ. ದಾರಿಯ ಕೊನೆಯ ಕಿರಿದಾದ ತುಂಡೇ ತೊಂದರೆ ತಾನೇ? ಅದನ್ನು ತೆಗೆದುಬಿಡು. ಶಿಶ್ನವನ್ನು ಮೂಳೆಗೆ ಕಟ್ಟಿಹಿಡಿದ ಸ್ನಾಯುಗಳನ್ನು ಬಿಡಿಸಿ, ನಾಳವನ್ನು ಹಿಂದಕ್ಕೆಳೆದು, 1.3 ಮಿಲಿಮೀಟರ್ ಅಗಲವಿರುವ ಜಾಗದವರೆಗೆ ಉದ್ದಕ್ಕೆ ಸೀಳುತ್ತಾರೆ. ಸಾಕಷ್ಟು ಮೇಲಕ್ಕೆ ಹೋಗಿದ್ದೇವಾ ಅಂತ ನೋಡಲು ಮಾಸ್ಕಿಟೋ ಫೋರ್ಸೆಪ್ಸ್ ಅನ್ನುವ ಸಣ್ಣ ಇಕ್ಕುಳವನ್ನು ಒಳಗೆ ಬಿಡುತ್ತಾರೆ. ಇಕ್ಕುಳದ ಕೀಲಿನವರೆಗೂ ಸಲೀಸಾಗಿ ಹೋದರೆ ಸರಿ. ಆಮೇಲೆ ನಾಳದ ಒಳಪೊರೆಯನ್ನು ಹೊರಚರ್ಮಕ್ಕೆ ಸೇರಿಸಿ ಹೊಲಿಯುತ್ತಾರೆ. ಹಿಂದೆ ಬಾಲದ ಕೆಳಗೆ ಹೊಸ ಬಾಯಿ.

"ಹಂಗಾದ್ರೆ ಇವ್ನು ಇನ್ಮೇಲೆ ಹೆಣ್ಣಾ?" ಅಂತ ಅಮ್ಮ ಕೇಳಿಯೇಬಿಟ್ಟರು. ಡಾಕ್ಟ್ರು ನಕ್ಕು, "ಕೊಳಾಯಿ ಮಾತ್ರ ಹೆಣ್ಣಿನ ಥರ ಅಮ್ಮ, ಉಳಿದಿದ್ದೆಲ್ಲ ಹಂಗೇ" ಅಂದರು. ಅಮ್ಮನ ಊರಿನಲ್ಲಿ ಪಶುವೈದ್ಯರನ್ನು ಈಗಲೂ ದನದ ಡಾಕ್ಟ್ರು ಅಂತಲೇ ಕರೆಯುತ್ತಾರೆ. ದನದ ಡಾಕ್ಟ್ರ ಕೈಯಲ್ಲಿ ಇಷ್ಟು ಸಣ್ಣ ದಾರದ ಕಸೂತಿ ಇದೆ ಅಂತ ಅವರಿಗೆ ಗೊತ್ತಿರಲಿಲ್ಲ.

0.7ರಿಂದ 1.3. ಹೆಚ್ಚುಕಮ್ಮಿ ಎರಡು ಪಟ್ಟು ಅಷ್ಟೇ, ಇಷ್ಟಕ್ಕೆ ಅಷ್ಟು ದೊಡ್ಡ ಆಪರೇಷನ್ನಾ ಅಂತ ನನಗೂ ಅನ್ನಿಸಿತ್ತು. ಇಲ್ಲಿ ಪ್ವಾಸೆಯ ನಿಯಮ ಕೆಲಸ ಮಾಡುತ್ತದೆ. ಪ್ವಾಸೆ ಫ್ರಾನ್ಸಿನ ವೈದ್ಯ. 1840ರ ದಶಕದಲ್ಲಿ, ಸಣ್ಣ ನಳಿಕೆಯಲ್ಲಿ ಹರಿಯುವ ದ್ರವದ ಪ್ರಮಾಣ ಅಗಲದ ನಾಲ್ಕನೇ ಘಾತದಂತೆ ಏರುತ್ತದೆ ಅಂತ ತೋರಿಸಿದವನು. ಉದ್ದ, ಒತ್ತಡ ಅಷ್ಟೇ ಇದ್ದು ಅಗಲ ಮಾತ್ರ 0.7ರಿಂದ 1.3 ಆದರೆ ಹರಿವು ಸುಮಾರು 12 ಪಟ್ಟು. ಆಪರೇಷನ್ ಆದ ಮಾರನೇ ದಿನ ಸಂಜೆ ಮುದ್ದೆ ಪೇಪರ್ ಪಟ್ಟಿಗಳ ಮೇಲೆ ಕೂತಾಗ ಆ 12 ನನ್ನ ಕಿವಿಗೆ ಬಿತ್ತು. ಐದು ವರ್ಷದಲ್ಲಿ ಅವನು ಉಚ್ಚೆ ಹೊಯ್ಯುವ ಸದ್ದೇ ನಾವು ಕೇಳಿರಲಿಲ್ಲ. ಈಗ ಸರ್ರ್ ಅಂತ ಪೇಪರ್ ಮೇಲೆ ಬಿತ್ತು. ಸ್ವಲ್ಪ ರಕ್ತ ಬೆರೆತಿತ್ತು. ಮೊದಲ ಕೆಲವು ದಿನ ಅದು ಸಹಜ. ಅಮ್ಮ ದೇವರ ಮುಂದೆ ದೀಪ ಹಚ್ಚಿದರು. ಬೆಕ್ಕಿನ ಉಚ್ಚೆಗೆ ದೀಪ ಹಚ್ಚಿದ ಮನೆ ನಮ್ಮದೊಂದೇ ಇರಬೇಕು.

ಇನ್ನು ಮೇಲೆ ಇರುವುದೇ ನಿಜವಾದ ಕೆಲಸ. ಆಪರೇಷನ್ ಗೆಲ್ಲುವುದು, ಸೋಲುವುದು ಆ ಹೊಲಿಗೆಯ ಮೇಲೆ. ಬ್ಲೌಸಿನ ತೋಳಿನ ಅಂಚಿನಲ್ಲಿ ಲೈನಿಂಗನ್ನು ಹೊರಬಟ್ಟೆಗೆ ಮಡಚಿ ಹೊಲಿದಿರುತ್ತಾರಲ್ಲ, ಹಾಗೆ. ಎಲ್ಲೋ ಒಂದು ಕಡೆ ಲೈನಿಂಗ್ ಹೊಲಿಗೆಗೆ ಸಿಗದೆ ಬಿಟ್ಟುಕೊಂಡರೆ ಬ್ಲೌಸಿಗೇನೂ ಆಗುವುದಿಲ್ಲ. ಇಲ್ಲಿ ಮಾತ್ರ ಆ ಸಂದಿನಿಂದ ಉಚ್ಚೆ ಚರ್ಮದ ಕೆಳಗೆ ಸೋರುತ್ತದೆ. ಉಚ್ಚೆ ತಾಗಿದ ಅಂಗಾಂಶ ಉರಿದು ಗಾಯದ ಕಲೆ ಕಟ್ಟುತ್ತದೆ. ಕಲೆಗೆ ಒಂದು ಕೆಟ್ಟ ಗುಣವಿದೆ, ವಾರಗಟ್ಟಲೆ ಕುಗ್ಗುತ್ತಾ ಹೋಗುತ್ತದೆ. ಮೊಣಕೈ ಮೇಲಿನ ಕಲೆ ಕುಗ್ಗಿದರೆ ಚರ್ಮ ಬಿಗಿಯುತ್ತದೆ ಅಷ್ಟೇ. ಆದರೆ ತೂತಿನ ಸುತ್ತ ಉಂಗುರದ ಹಾಗೆ ಕಟ್ಟಿದ ಕಲೆ ಕುಗ್ಗಿದರೆ? ಚೀಲದ ಬಾಯಿಗೆ ದಾರ ಬಿಗಿದ ಹಾಗೆ ತೂತೇ ಮುಚ್ಚಿಕೊಳ್ಳುತ್ತದೆ. ಈ ಆಪರೇಷನ್ನಿನ ಹೆದರಿಕೆಯೆಲ್ಲ ಇದೇ.

ಹಾಗಾಗಿ ಹದಿನಾಲ್ಕು ದಿನ ನಮ್ಮ ಕೆಲಸ, ಆ ಜಾಗವನ್ನು ಯಾರೂ ಮುಟ್ಟದ ಹಾಗೆ ನೋಡಿಕೊಳ್ಳುವುದು. ನಾವೂ ಸೇರಿ. ಕಟ್ಟಿದ ಹಕ್ಕಳೆ ನೋಡಿ ನನಗೆ ಒದ್ದೆ ಹತ್ತಿಯಲ್ಲಿ ಒರೆಸಬೇಕು ಅನ್ನಿಸುತ್ತಿತ್ತು. ಒರೆಸಿದರೆ ಹಕ್ಕಳೆಯ ಜೊತೆ ಆ ತೆಳು ಪೊರೆಯೂ ಕಿತ್ತು ಬರಬಹುದು. ಟ್ರೇಗೆ ಎಂದಿನ ಹಾಗೆ ಉಚ್ಚೆ ಹೀರುವ ಮಣ್ಣು, ಅಂದರೆ ಲಿಟರ್, ಹಾಕದೆ ಪೇಪರ್ ಹಾಕಿದ್ದೂ ಅದಕ್ಕೇ. ಉಂಡೆ ಕಟ್ಟುವ ಲಿಟರ್ ಒದ್ದೆ ಗಾಯಕ್ಕೆ ಅಂಟಿ ಗಾರೆಯಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ಶತ್ರು ಮುದ್ದೆಯ ನಾಲಿಗೆಯೇ. ಬೆಕ್ಕಿನ ನಾಲಿಗೆ ಒಂದು ತುರಿಮಣೆ. ಅದರ ಮುಳ್ಳುಗಳ ತುದಿ ಸೌಟಿನ ಹಾಗೆ ಟೊಳ್ಳಾಗಿದ್ದು ಎಂಜಲನ್ನು ಹೀರಿ ತುಪ್ಪಳದ ಬುಡಕ್ಕೆ ತಲುಪಿಸುತ್ತದೆ ಅಂತ 2018ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದ್ದಾರೆ. ಬಾಚಣಿಗೆಯಾಗಿ ಅದ್ಭುತ ಸಾಧನ. ಹೊಲಿಗೆಯ ಮೇಲೆ ನಾಲ್ಕು ಸಲ ಆಡಿದರೆ ಸಾಕು, ಎಲ್ಲಾ ಮುಗಿಯುತ್ತದೆ. ಅದಕ್ಕೇ ಕುತ್ತಿಗೆಗೆ ಪ್ಲಾಸ್ಟಿಕ್ ಕೋನ್. ಮೊದಲ ದಿನ ಅದನ್ನು ಹಾಕಿಕೊಂಡು ಹಿಂದಕ್ಕೆ ಹಿಂದಕ್ಕೆ ನಡೆದು ಗೋಡೆಗೆ ಡಿಕ್ಕಿ ಹೊಡೆದ. ನೋಡಲಾರದೆ ಅಮ್ಮ ಮೂರನೇ ದಿನ ಊಟದ ಹೊತ್ತಿನಲ್ಲಿ ಬಿಚ್ಚಿದರು. ಊಟ ಬಿಟ್ಟು ನೇರವಾಗಿ ಬಾಲ ಎತ್ತಿದ! ಓಡಿಹೋಗಿ ಮತ್ತೆ ಹಾಕಿದೆ. ಪಾಪ ಅನ್ನಿಸುವುದು ನಿಜ, ಆದರೆ ಈ ಹದಿನಾಲ್ಕು ದಿನ ಪಾಪ ನೋಡಿದರೆ ಮತ್ತೆ ಆಪರೇಷನ್ ಟೇಬಲ್ಲೇ ಗತಿ.

ನೋವಿನ ಬಗ್ಗೆ ಒಂದು ಮಾತು. ಬೆಕ್ಕು ನೋವನ್ನು ಬಾಯಿಬಿಟ್ಟು ಹೇಳುವುದಿಲ್ಲ, ಮೂಲೆಯಲ್ಲಿ ಮುದುಡಿ ಕಣ್ಣು ಕಿರಿದು ಮಾಡಿ ಕೂರುತ್ತದೆ. ಕರುಣೆಯಿಂದ ಮನೆಯಲ್ಲಿರುವ ಪ್ಯಾರಸಿಟಮಾಲ್ ಚೂರು ಕೊಡೋಣ ಅನ್ನಿಸಬಹುದು. ಖಂಡಿತ ಕೂಡದು. ನಮ್ಮ ಯಕೃತ್ತು ಆ ಮದ್ದನ್ನು ಕಟ್ಟಿ ಹೊರಹಾಕಲು ಬಳಸುವ ಕಿಣ್ವ ಬೆಕ್ಕಿನಲ್ಲಿ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಅದರ ರಕ್ತ ಕಂದುಬಣ್ಣಕ್ಕೆ ತಿರುಗಿ ಆಮ್ಲಜನಕ ಹೊರುವುದನ್ನು ನಿಲ್ಲಿಸುತ್ತದೆ. ಒಂದೇ ಮಾತ್ರೆ ಸಾಕು ಕೊಲ್ಲಲು.

ಹದಿನಾಲ್ಕನೇ ದಿನ ಹೊಲಿಗೆ ಬಿಚ್ಚಿದರು. ಕೋನ್ ತೆಗೆದ ಮೇಲೆ ಮುದ್ದೆ ಒಂದು ಗಂಟೆ ಬಿಡದೆ ಕುತ್ತಿಗೆ ನೆಕ್ಕಿಕೊಂಡ. ಗಾಯದ ಕಡೆ ತಿರುಗಿಯೂ ನೋಡಲಿಲ್ಲ.

ಆದರೆ ಡಾಕ್ಟ್ರು ಕಳಿಸುವಾಗ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. "ಪೈಪ್ ಸರಿ ಮಾಡಿದೀನಿ. ಟ್ಯಾಂಕ್ ಹಂಗೇ ಇದೆ." ಹರಳು ಕಟ್ಟುವ ಗುಣ, ಕೆರಳುವ ಮೂತ್ರಕೋಶ, ಎರಡೂ ಹಾಗೇ ಇವೆ. ಹೊಸ ಬಾಯಿ ಅಗಲವಾದ್ದರಿಂದ ಹೊರಗಿನ ಬ್ಯಾಕ್ಟೀರಿಯಾಕ್ಕೂ ಒಳದಾರಿ ಸಲೀಸು. ಕಿರಿದಾದ ಉದ್ದ ನಾಳ ತೊಂದರೆಯ ಜೊತೆ ಕಾವಲನ್ನೂ ಕೊಡುತ್ತಿತ್ತು. ಆಗಾಗ ಉಚ್ಚೆ ಪರೀಕ್ಷೆ ತಪ್ಪುವುದಿಲ್ಲ.

ಬಹಳಷ್ಟು ಬೆಕ್ಕುಗಳಲ್ಲಿ ಮೂತ್ರಕೋಶ ಕೆರಳಲು ಸೋಂಕೂ ಸಿಗುವುದಿಲ್ಲ, ಕಲ್ಲೂ ಸಿಗುವುದಿಲ್ಲ. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಟೋನಿ ಬಫಿಂಗ್ಟನ್ ಈ ವಿಷಯದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದವರು. ಬೆಕ್ಕಿನ ಒತ್ತಡಕ್ಕೂ ಮೂತ್ರಕೋಶಕ್ಕೂ ಹತ್ತಿರದ ನಂಟಿದೆ ಅನ್ನುವುದು ಅವರ ಕೆಲಸದ ಸಾರ. ಟೈಲ್ಸ್ ಸದ್ದೇ ಮುದ್ದೆಗೆ ಹೀಗೆ ಮಾಡಿತು ಅಂತ ನಾನು ಹೇಳಲಾರೆ. ಆದರೆ ಈಗ ಹಬ್ಬದ ವಾರ ಬೀರುವಿನ ಕೆಳಭಾಗ ಖಾಲಿ ಮಾಡಿ ಹಳೇ ಸೀರೆ ಹಾಸಿಡುತ್ತೇವೆ.

ಬೋರ್‌ವೆಲ್ ನೀರು ಗಡಸು, ಅದರಿಂದಲೇ ಕಲ್ಲು ಅಂತ ಅಪಾರ್ಟ್‌ಮೆಂಟಿನಲ್ಲಿ ಎಲ್ಲರದ್ದೂ ಒಂದೇ ತೀರ್ಪು. ಲೆಕ್ಕ ಹಾಕಿ ನೋಡಿದೆ. ಭಾರತದ ಕುಡಿಯುವ ನೀರಿನ ಮಾನದಂಡದಲ್ಲಿ ಬೇರೆ ಮೂಲವಿಲ್ಲದಾಗ ಲೀಟರಿಗೆ 100 ಮಿಲಿಗ್ರಾಂ ಮೆಗ್ನೀಸಿಯಮ್‌ವರೆಗೆ ಬಿಡುತ್ತಾರೆ. ಅಷ್ಟು ಗಡಸು ನೀರನ್ನೇ ಬೆಕ್ಕು ದಿನಕ್ಕೆ 100 ಮಿಲಿಲೀಟರ್ ಕುಡಿದರೂ 10 ಮಿಲಿಗ್ರಾಂ ಆಯಿತು. ಮೆಗ್ನೀಸಿಯಮ್ ಶೇಕಡಾ 0.1ರಷ್ಟಿರುವ ಒಣ ಕಾಳನ್ನು, ಅಂದರೆ ಪ್ಯಾಕೆಟ್ಟಿನ ಒಣ ಕ್ಯಾಟ್ ಫುಡ್ಡನ್ನು, 60 ಗ್ರಾಂ ತಿಂದರೆ 60 ಮಿಲಿಗ್ರಾಂ. ನೀರಿನ ಗುಣಕ್ಕಿಂತ ಎಷ್ಟು ನೀರು ಅನ್ನುವುದೇ ಮುಖ್ಯ. ಬೆಕ್ಕಿನ ಮೂಲ ಒಣಭೂಮಿಯ ಕಾಡುಬೆಕ್ಕು. ಹಿಡಿದ ಇಲಿಯಲ್ಲೇ ಮುಕ್ಕಾಲು ಪಾಲಿನ ಹತ್ತಿರ ನೀರು ಸಿಗುತ್ತಿದ್ದರಿಂದ ಬಾಯಾರಿಕೆ ಕಮ್ಮಿ, ಉಚ್ಚೆ ಗಟ್ಟಿ. ಶೇಕಡಾ 10ರಷ್ಟು ಮಾತ್ರ ನೀರಿರುವ ಒಣ ಕಾಳನ್ನು ತಿಂದರೂ ಅದಕ್ಕೆ ತಕ್ಕಷ್ಟು ಕುಡಿಯಬೇಕು ಅನ್ನುವುದು ಅದಕ್ಕೆ ತೋಚುವುದಿಲ್ಲ. ಹಾಗಾಗಿ ಮುದ್ದೆಗೆ ಈಗ ಒದ್ದೆ ಊಟ. ಜೊತೆಗೆ ಈರುಳ್ಳಿ, ಬೆಳ್ಳುಳ್ಳಿ, ಉಪ್ಪು ಏನೂ ಹಾಕದೆ ಬೇಯಿಸಿದ ಕೋಳಿಯ ನೀರು.

ಈಗ ಒಂಬತ್ತು ತಿಂಗಳಾಯಿತು. ಮೊನ್ನೆ ರಾತ್ರಿ ಮುದ್ದೆ ಹತ್ತು ನಿಮಿಷದಲ್ಲಿ ಎರಡು ಸಲ ಟ್ರೇಗೆ ಹೋಗಿಬಂದ. ನನಗೆ ನಿದ್ದೆ ಹಾರಿಹೋಯಿತು. ಮೊಬೈಲ್ ಟಾರ್ಚ್ ಹಿಡಿದು ಹೋಗಿ ಲಿಟರ್ ಕೆದಕಿದೆ. ಒಂದು ಉಂಡೆ ನಿಂಬೆಹಣ್ಣಿಗಿಂತ ದೊಡ್ಡದು. ಪಕ್ಕದಲ್ಲಿ ಎರಡನೇ ಕೆಲಸದ ಸಾಕ್ಷಿಯೂ ಇತ್ತು. ಬಾಗಿಲಲ್ಲಿ ನಿಂತಿದ್ದ ಅಮ್ಮ, "ಆಯ್ತಾ?" ಅಂದರು. "ಎರಡೂ ಆಗಿದೆ" ಅಂದೆ.